ಪುಟ್ಟಿಯ ಪಾಸ್‌ವರ್ಡ್

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಫೋಟೋ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಫೋಟೋ ತೆಗೆಯುವವಳಲ್ಲ, ಹಾಳಾದ ಹಳೇ ಫೋಟೋಗಳನ್ನು ಸರಿಮಾಡಿ ಕೊಡುವವಳು. ಗೆದ್ದಲು ತಿಂದದ್ದು, ನೀರು ಬಿದ್ದು ಬಣ್ಣ ಇಳಿದದ್ದು, ಸಿಟ್ಟಿನ ಭರದಲ್ಲಿ ಯಾರೋ ಹರಿದು ಆಮೇಲೆ ಮನಸ್ಸು ತಡೆಯದೆ ಅಂಟಿಸಿಟ್ಟದ್ದು, ಎಲ್ಲವೂ ಅವಳ ಬಾಗಿಲಿಗೆ ಬರುತ್ತಿದ್ದವು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೇಜು, ಒಂದು ಸ್ಕ್ಯಾನರ್, ಮೂಲೆ ಒಡೆದ ಒಂದು ಲ್ಯಾಪ್‌ಟಾಪ್.

ಕೆಲಸ ಶುರುವಾದಾಗ ಅಲ್ಲಿ ಇಬ್ಬರಿದ್ದರು, ಅವಳು ಮತ್ತು ಅವಳ ತಂಗಿ ಪುಟ್ಟಿ. ಇಬ್ಬರಿಗೂ ಸೇರಿ ಇದ್ದದ್ದು ಆ ಒಂದೇ ಲ್ಯಾಪ್‌ಟಾಪ್. ಬೆಳಗ್ಗೆ ಅಕ್ಕ ಕೂರುತ್ತಿದ್ದಳು, ಊಟವಾದ ಮೇಲೆ ಪುಟ್ಟಿ. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕೈಯಾಡಿಸಿ ಕೆಡಿಸಬಾರದೆಂದು ಅದರೊಳಗೆ ಇಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಕೊಂಡಿದ್ದರು. ಕಲೆ ತೆಗೆಯುವುದು, ಬಟ್ಟೆಯ ಮಡಿಕೆ, ಹಿಂದಿನ ಗೋಡೆ, ಇವು ಅಕ್ಕನ ಪಾಲು. ಮುಖ ಪುಟ್ಟಿಯ ಪಾಲು, ಅದರಲ್ಲೂ ಕಣ್ಣು. ಬರೀ ಬಿಳಿಯ ಮಚ್ಚೆಯಾಗಿ ಹೋಗಿದ್ದ ಕಡೆ ಅವಳು ಕಣ್ಣು ಮೂಡಿಸುತ್ತಿದ್ದಳು. ಅಜ್ಜಿಯ ಫೋಟೋ ತೆಗೆದುಕೊಳ್ಳಲು ಬಂದವರು ಅದನ್ನು ನೋಡಿ ಬಾಗಿಲಲ್ಲೇ ಕುಸಿದು ಕೂತದ್ದೂ ಉಂಟು.

ಆಮೇಲೆ ಒಬ್ಬ ಗಿರಾಕಿ ಬಂದ, ವಾರದ ಮಟ್ಟಿಗೆ ಹತ್ತಿರದ ನೆಂಟರ ಮನೆಯಲ್ಲಿ ಉಳಿದಿದ್ದವನು. ತೀರಿಹೋದ ತಾಯಿಯ ಫೋಟೋ ಕೊಟ್ಟು, "ಮೂಗು ಸ್ವಲ್ಪ ಚೂಪಾಗಿತ್ತು" ಎಂದ. ಮಾರನೆಯ ದಿನ ಬಂದು, "ಅಷ್ಟೊಂದು ಚೂಪಿರಲಿಲ್ಲ" ಎಂದ. ವಾರವಿಡೀ ಆ ಮೂಗು ಏರಿತು, ಇಳಿಯಿತು. ಇವನಿಗೆ ಸರಿಯಾಗಬೇಕಾದದ್ದು ತಾಯಿಯ ಮೂಗಲ್ಲ ಎನ್ನುವುದು ಅಕ್ಕನಿಗೆ ಎರಡನೆಯ ದಿನವೇ ಹೊಳೆದಿತ್ತು. ಬಸ್ಸಿನಲ್ಲಿ ಒಂದು ಹಗಲಿನ ದಾರಿಯಷ್ಟು ದೂರದ ಊರಿನಲ್ಲಿ ಅವನದೊಂದು ಸಸಿ ಮಾರುವ ನರ್ಸರಿ ಇತ್ತು. ಪುಟ್ಟಿ ಅವನನ್ನು ಮದುವೆಯಾಗಿ ಹೋದಳು. ಅಕ್ಕ ನಗುನಗುತ್ತಲೇ ಕಳಿಸಿಕೊಟ್ಟಳು.

ಮೊದಮೊದಲು ಪುಟ್ಟಿ ದಿನಾ ಫೋನ್ ಮಾಡುತ್ತಿದ್ದಳು. ಬರಬರುತ್ತಾ ಅದು ವಾರಕ್ಕಾಯಿತು, ತಿಂಗಳಿಗಾಯಿತು. ಮಗು ಹುಟ್ಟಿದ ಮೇಲೆ ನೆನಪಾದಾಗ ಎಂಬಂತಾಯಿತು. ಜಗಳವೇನೂ ಇರಲಿಲ್ಲ. ಇದ್ದಿದ್ದರೆ ರಾಜಿಯಾದರೂ ಆಗಬಹುದಿತ್ತು ಎಂದು ಅಕ್ಕ ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದಳು. ಮುಖಗಳನ್ನೂ ಈಗ ಅವಳೇ ಮಾಡುತ್ತಿದ್ದಳು. ಗಿರಾಕಿಗಳು ಚೆನ್ನಾಗಿದೆ ಎಂದೇ ಹೇಳಿ ಒಯ್ಯುತ್ತಿದ್ದರು. ಆದರೆ ಬಾಗಿಲಲ್ಲಿ ಯಾರೂ ಕುಸಿದು ಕೂರುತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ತಟ್ಟೆ ತೊಳೆದಿಟ್ಟ ಮೇಲೂ, ಇನ್ನು ನನ್ನ ಸರದಿಯಲ್ಲ ಎಂಬಂತೆ ಅವಳು ಒಂದು ಗಳಿಗೆ ಮೇಜಿನ ಬಳಿ ಸುಮ್ಮನೆ ನಿಂತಿರುತ್ತಿದ್ದಳು.

ಹೀಗೆ ಐದು ವರ್ಷ ಕಳೆದ ಮೇಲೆ ಲ್ಯಾಪ್‌ಟಾಪ್ ಹಟ ಹಿಡಿಯಿತು. ಬಟನ್ ಒತ್ತಿ ಚಹಾ ಮಾಡಿಕೊಂಡು ಕುಡಿದು ಬಂದರೂ ಪರದೆ ಏಳುತ್ತಿರಲಿಲ್ಲ. ಒಂದು ದೊಡ್ಡ ಫೋಟೋ ಸ್ಕ್ಯಾನ್ ಮಾಡಲು ಹೋದರೆ ಜಾಗವಿಲ್ಲ ಎಂದು ಕೈಯೆತ್ತಿಬಿಡುತ್ತಿತ್ತು. ಅದನ್ನು ಚೀಲದಲ್ಲಿಟ್ಟುಕೊಂಡು ಅವಳು ಮುಖ್ಯ ರಸ್ತೆಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದಳು. ಅಂಗಡಿ ನಡೆಸುತ್ತಿದ್ದದ್ದು ಒಬ್ಬ ಹೆಂಗಸು. ಕೈಯಲ್ಲಿ ಸ್ಕ್ರೂಡ್ರೈವರ್, ಬಾಯಲ್ಲಿ ಎರಡು ಸ್ಕ್ರೂ.

"ಹಾರ್ಡ್ ಡಿಸ್ಕ್‌ಗೆ ವಯಸ್ಸಾಗಿದೆ ಅಕ್ಕಾ. ತುಂಬಿಯೂ ಹೋಗಿದೆ," ಎಂದಳು ಸ್ಕ್ರೂ ತೆಗೆದು. "ಅದರ ಬದಲು ಹೊಸ ಎಸ್‌ಎಸ್‌ಡಿ ಹಾಕ್ಸಿ, ಕುದುರೆ ಥರ ಓಡುತ್ತೆ. ಎಲ್ಲ ಹಿಡಿಸೋಷ್ಟು ದೊಡ್ಡದು ಬೇಕಾದ್ರೆ ದೊಡ್ಡದು ಹಾಕೋಣ. ಇಲ್ಲಾಂದ್ರೆ ಒಳಗೆ ಚಿಕ್ಕದು, ಹಳೇ ಕೆಲಸ ಎಲ್ಲ ಹೊರಗೆ ಒಂದು ಎಕ್ಸ್‌ಟರ್ನಲ್ ಡಿಸ್ಕಲ್ಲಿ. ಬೇಕಾದಾಗ ವೈರ್ ಚುಚ್ಚಿದ್ರೆ ಆಯ್ತು."

"ಯಾವುದು ಒಳ್ಳೇದು?"

"ಅದು ಒಳಗೇನಿದೆ ಅನ್ನೋದರ ಮೇಲೆ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ತಿಂದಿರೋದು ನೀವಲ್ಲ, ಪುಟ್ಟಿ ಅಂತ ಇದಾರಲ್ಲ, ಅವರು. ವರ್ಷಗಟ್ಟಲೆ ಯಾರೂ ಅದನ್ನ ತೆಗೆದಿಲ್ಲ. ಬೇಕೋ ಬೇಡವೋ ಕೇಳ್ಕೊಂಡು ಬನ್ನಿ."

ಅಕ್ಕ ಲ್ಯಾಪ್‌ಟಾಪನ್ನು ಮನೆಗೆ ತಂದು ತಂಗಿಗೆ ಫೋನ್ ಮಾಡಿದಳು.

"ಅಯ್ಯೋ, ಅದರಲ್ಲೇನಿದೆ ಅಕ್ಕಾ, ಅಳಿಸಿಬಿಡು," ಎಂದಳು ಪುಟ್ಟಿ. ಹಿಂದೆ ಯಾರೋ ಗುಲಾಬಿ ಗಿಡದ ಬೆಲೆ ಕೇಳುತ್ತಿದ್ದರು.

"ನೋಡದೆ ಹೇಗೆ ಅಳಿಸ್ಲಿ? ಪಾಸ್‌ವರ್ಡ್ ಹೇಳು."

"ಪಾಸ್‌ವರ್ಡ್... ಮರ್ತೇ ಹೋಯ್ತಲ್ಲೇ! ತಡಿ ತಡಿ. ನಮ್ಮ ಬೆಕ್ಕಿತ್ತಲ್ಲ, ಬಿಳಿಮೂತಿ. ಅದನ್ನ ಹಾಕಿ ನೋಡು."

ಹಾಕಿದಳು. ಆಗಲಿಲ್ಲ.

"ಗಣಿತದ ಮೇಷ್ಟ್ರಿಗೆ ನಾವಿಟ್ಟ ಹೆಸರು?"

"ಬೋರ್ಡು ಒರಸಿ ಒರಸಿ ತಲೆಯೆಲ್ಲ ಬೆಳ್ಳಗಾಗಿತ್ತಲ್ಲ, ಆ ಸುಣ್ಣದ ಡಬ್ಬಿನಾ?"

ಪುಟ್ಟಿ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು. ಸುಣ್ಣದ ಡಬ್ಬಿಯೂ ಆಗಲಿಲ್ಲ. ಅಪ್ಪನ ಸ್ಕೂಟರಿನ ನಂಬರೂ ಆಗಲಿಲ್ಲ. ಆದರೆ ಆ ಸ್ಕೂಟರ್ ಹಳ್ಳಕ್ಕೆ ಬಿದ್ದು ಅಪ್ಪ ಎದ್ದವರೇ, ಪೆಟ್ಟಾಯಿತೇ ಎಂದು ಮಕ್ಕಳನ್ನು ಕೇಳುವ ಬದಲು ಹೆಡ್‌ಲೈಟನ್ನು ತಡವಿ ನೋಡಿದ ಕತೆ ಬಂತು. ಅದರ ಹಿಂದೆ ಅಮ್ಮ ಬೈದ ಕತೆ ಬಂತು. ಫೋನ್ ಇಟ್ಟಾಗ ಅಕ್ಕನ ಕಿವಿ ಬಿಸಿಯಾಗಿತ್ತು. ತಂಗಿಯೊಡನೆ ಅಷ್ಟು ಹೊತ್ತು ಮಾತಾಡಿ ಎಷ್ಟು ಕಾಲವಾಗಿತ್ತೋ.

ಮಾರನೆಯ ದಿನ ಪುಟ್ಟಿಯೇ ಫೋನ್ ಮಾಡಿದಳು. "ಅಕ್ಕಾ, ಹೊಳೀತು! ಪಕ್ಕದ ಮನೆ ಅಜ್ಜಿ ನನ್ನ ಏನಂತ ಕರೀತಿದ್ರು?" ಅದೂ ಆಗಲಿಲ್ಲ. ಅದರ ಮಾರನೆಯ ದಿನವೂ ಫೋನ್ ಬಂತು. ಅಕ್ಕ ಮಧ್ಯಾಹ್ನವಾಗುವುದನ್ನೇ ಕಾಯತೊಡಗಿದಳು.

ನಡುವೆ ಒಂದು ದಿನ ರಿಪೇರಿಯವಳು ದಾರಿಯಲ್ಲಿ ಸಿಕ್ಕಳು. ಪಾಸ್‌ವರ್ಡಿನ ಫಜೀತಿ ಕೇಳಿ ನಕ್ಕುಬಿಟ್ಟಳು. "ಅದಕ್ಕೆ ಇಷ್ಟು ಒದ್ದಾಡ್ತಿದೀರಾ? ಡಿಸ್ಕ್ ಹೊರಗೆ ತೆಗೆದು ನನ್ನ ಕಂಪ್ಯೂಟರ್‌ಗೆ ಹಾಕಿದ್ರೆ ಫೈಲೆಲ್ಲ ಹಾಗೇ ಸಿಗುತ್ತೆ. ನಾಳೇನೇ ತನ್ನಿ."

"ತರ್ತೀನಿ," ಎಂದಳು ಅಕ್ಕ. ತರಲಿಲ್ಲ. ಪುಟ್ಟಿಗೂ ಹೇಳಲಿಲ್ಲ. ಆ ಮಧ್ಯಾಹ್ನ ಪುಟ್ಟಿ, "ನಾವು ಕದ್ದು ತಿಂದ ಪೇರಳೆ ಮರದ ಮನೆಯವರ ಹೆಸರೇನೇ?" ಎಂದು ಕೇಳಿದಾಗ, ನೆನಪಿದ್ದೂ, "ಏನೋಪ್ಪ, ನೀನೇ ಜ್ಞಾಪಿಸ್ಕೋ," ಎಂದಳು.

ಹೀಗೆ ಎರಡು ವಾರ ನಡೆಯಿತು. ಕೆಲಸ ರಾಶಿ ಬಿತ್ತು. ಗಿರಾಕಿಗಳು ಬಂದು ಬಂದು ವಾಪಸಾದರು. ಒಂದು ಬೆಳಗ್ಗೆ ಲ್ಯಾಪ್‌ಟಾಪಿನೊಳಗಿಂದ ಟಕ್ ಟಕ್ ಎಂದು ಸದ್ದು ಬಂತು, ಹಲ್ಲಿ ಲೊಚಗುಟ್ಟಿದ ಹಾಗೆ. ಪರದೆ ಕಪ್ಪಾಯಿತು. ಅಕ್ಕ ಚೀಲವನ್ನೂ ಹುಡುಕದೆ, ಲ್ಯಾಪ್‌ಟಾಪನ್ನು ಮಗುವಿನಂತೆ ಎದೆಗವಚಿಕೊಂಡು ರಿಪೇರಿ ಅಂಗಡಿಗೆ ಓಡಿದಳು.

"ಅವತ್ತೇ ಹೇಳಿದ್ನಲ್ಲ!" ಎಂದು ರಿಪೇರಿಯವಳು ರೇಗಿದಳು. "ಡಿಸ್ಕ್ ಸಾಯೋಕೆ ಹೊರಟಿದೆ. ಎಷ್ಟು ಬರುತ್ತೋ ನೋಡೋಣ, ಮಾತು ಕೊಡಲಾರೆ."

ಸಂಜೆಯವರೆಗೂ ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಚಿಕ್ಕದೋ ದೊಡ್ಡದೋ ಎಂಬ ಯೋಚನೆಯೆಲ್ಲ ಹಾರಿಹೋಗಿತ್ತು. ಸಿಕ್ಕಿದ್ದೆಲ್ಲ ಬೇಕು ಎಂದಳು. ರಿಪೇರಿಯವಳು ದೊಡ್ಡ ಎಸ್‌ಎಸ್‌ಡಿಯನ್ನೇ ಒಳಗೆ ಹಾಕಿದಳು. ಒಂದೇ ಕಡೆ ಇಟ್ಟರೆ ಮತ್ತೆ ಇದೇ ಗತಿ ಎಂದು, ಅಂಗೈಯಗಲದ ಎಕ್ಸ್‌ಟರ್ನಲ್ ಡಿಸ್ಕಿಗೂ ಇನ್ನೊಂದು ಪ್ರತಿ ಮಾಡಿಕೊಟ್ಟಳು. ಅಕ್ಕನ ಫೈಲುಗಳೆಲ್ಲ ಬಂದಿದ್ದವು. ಪುಟ್ಟಿಯವು ಮುಕ್ಕಾಲು ಪಾಲು ಬಂದಿದ್ದವು. ಉಳಿದವು ತೆರೆಯಲೇ ಇಲ್ಲ.

"ಎರಡು ವಾರ ಮುಂಚೆ ತಂದಿದ್ರೆ ಎಲ್ಲ ಸಿಗ್ತಿತ್ತಾ?" ಎಂದು ಅಕ್ಕ ಕೇಳಿದಳು.

ರಿಪೇರಿಯವಳು ಅವಳ ಮುಖ ನೋಡಿ, "ಹೇಳೋಕಾಗಲ್ಲ ಬಿಡಿ," ಎಂದಳು.

ಮನೆಗೆ ಬಂದವಳೇ ಅಕ್ಕ ಫೋನ್ ಹಚ್ಚಿದಳು. ಪೀಠಿಕೆ ಹಾಕಲಿಲ್ಲ. "ಪುಟ್ಟೀ, ಪಾಸ್‌ವರ್ಡೇ ಬೇಕಿರಲಿಲ್ಲ. ನನಗೆ ಆವಾಗ್ಲೇ ಗೊತ್ತಾಗಿತ್ತು. ಸುಮ್ಮನಿದ್ದೆ. ಈಗ ನಿನ್ನವು ಒಂದಷ್ಟು ಹೋದವು ಕಣೇ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಫೋನ್ ಮಾಡೋದು ನಿಲ್ಲಿಸ್ತಿದ್ದೆ."

ಪುಟ್ಟಿ ನಗಲಿಲ್ಲ. "ನೀನು ಮಾಡಬಹುದಿತ್ತಲ್ಲ ಅಕ್ಕಾ," ಎಂದಳು. ದನಿ ಗಟ್ಟಿಯಾಗಿರಲಿಲ್ಲ. "ನಾನು ಇಲ್ಲಿಗೆ ಬಂದಾಗಿಂದ ನೀನಾಗಿ ಎಷ್ಟು ಸಲ ಮಾಡಿದೀಯ ಹೇಳು? ಪ್ರತೀ ಸಲ ನಾನೇ. ಮಾಡಿದ್ರೂ ನೀನು ಕೆಲಸ ಇದೆ ಅಂತ ಇಟ್ಬಿಡ್ತಿದ್ದೆ. ಅಕ್ಕಂಗೆ ಕೆಲಸ ಜಾಸ್ತಿ, ಯಾಕೆ ತೊಂದರೆ ಕೊಡೋದು ಅಂದ್ಕೊಂಡೆ. ನಮ್ಮನೆ ಹೊಸ್ತಿಲು ಹೇಗಿದೆ ಅಂತಾದ್ರೂ ಗೊತ್ತಾ ನಿನಗೆ?"

ಹೋದವಳು ಬರಬೇಕು ಎಂದು ಅಕ್ಕ ಇಷ್ಟು ವರ್ಷ ಕಾದಿದ್ದಳೇ ಹೊರತು, ಇದ್ದವಳೂ ಹೋಗಬಹುದು ಎನ್ನುವುದು ಅವಳ ತಲೆಗೇ ಬಂದಿರಲಿಲ್ಲ.

ಬಾಕಿ ಕೆಲಸ ಮುಗಿಸಿ, ಬಾಗಿಲಿಗೆ ಬೀಗ ಹಾಕಿ ಅವಳು ಬಸ್ಸು ಹತ್ತಿದಳು. ನರ್ಸರಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಹಸಿರು ಬಲೆಯ ಚಪ್ಪರದಡಿ ಸಾಲುಸಾಲು ಸಸಿಗಳು, ಹಸಿ ಮಣ್ಣಿನ ವಾಸನೆ. ಪುಟ್ಟಿ ದಪ್ಪಗಾಗಿದ್ದಳು. ಮಣ್ಣುಗೈಯಲ್ಲೇ ಬಂದು ತಬ್ಬಿಕೊಂಡಳು. ಮಗು ಅಕ್ಕನನ್ನು ನೋಡಿ ಅಪ್ಪನ ಕಾಲ ಹಿಂದೆ ಅಡಗಿತು.

ಮಧ್ಯಾಹ್ನ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತರು. ಕ್ಷಣದಲ್ಲಿ ಪರದೆ ಬೆಳಗಿತು. ಒಂದೊಂದೇ ಮುಖ ತೆರೆದುಕೊಂಡಿತು. ಅರ್ಧಕ್ಕೇ ಬಿಟ್ಟಿದ್ದ ಕೆಲವಕ್ಕೆ ಒಂದೇ ಕಣ್ಣಿತ್ತು, ಕೆಲವು ಬರೀ ಗೆರೆ. ಪುಟ್ಟಿ ಗಲ್ಲಕ್ಕೆ ಕೈಯಿಟ್ಟು ನೋಡಿದಳು. "ಇದನ್ನೆಲ್ಲ ನಾನೇ ಮಾಡಿದ್ನಾ? ಈಗ ಮಾಡು ಅಂದ್ರೆ ಆಗಲ್ಲ ಅಕ್ಕಾ. ಬೆರಳೆಲ್ಲ ಒರಟಾಗಿದೆ." ಅಷ್ಟರಲ್ಲಿ ಗೇಟಿನ ಬಳಿ ಯಾರೋ ನಿಂಬೆ ಸಸಿ ಇದೆಯಾ ಎಂದು ಕೂಗಿದರು. ಬಂದೆ ಎನ್ನುತ್ತಾ ಪುಟ್ಟಿ ಎದ್ದು ಹೋದಳು. ಅಕ್ಕ ಕಿಟಕಿಯಿಂದ ನೋಡಿದಳು. ತಂಗಿ ಬಗ್ಗಿ ಒಂದು ಸಸಿ ಎತ್ತಿ, ಬೇರಿನ ಮಣ್ಣು ತಟ್ಟಿ, ಗಿರಾಕಿಗೆ ಏನೋ ವಿವರಿಸುತ್ತಿದ್ದಳು. ಅವಳಿಗೆ ಇಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದನ್ನು ಕಂಡು ಅಕ್ಕನಿಗೆ ಸಮಾಧಾನವಾಯಿತು. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದಳು.

ನಾಲ್ಕು ದಿನ ಇದ್ದಳು. ಮಗು ಮೂರನೆಯ ದಿನ ಅವಳ ಮಡಿಲಿಗೆ ಬಂತು. ಹೊರಡುವ ದಿನ ಬಸ್ಸಿನ ಕಿಟಕಿಯ ಕೆಳಗೆ ನಿಂತು ಪುಟ್ಟಿ, "ಮತ್ತೆ ಯಾವಾಗ ಬರ್ತೀಯ?" ಎಂದಳು. ಅಕ್ಕ ಬೇಗ ಎಂದಳು. ಬಸ್ಸು ಹೊರಟಿತು. ಕಳಿಸಿಕೊಡುವುದೇ ಕಷ್ಟ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಕಿಟಕಿಯ ಸರಳು ಹಿಡಿದು, ಕತ್ತು ಹೊರಳಿಸಿ, ರಸ್ತೆ ಕಾಣುವಷ್ಟು ದೂರವೂ ಅವಳು ಹಿಂದಕ್ಕೇ ನೋಡುತ್ತಿದ್ದಳು.