ಎದುರು ಪಾರ್ಟಿ

ಗುಂಪು ಕಂಡರೆ ನನಗೆ ಧೈರ್ಯ ಬರುತ್ತದೆ. ಗದಗಿನಲ್ಲಿ ಯಾವ ಗಿರಮಿಟ್ಟಿನ ಗಾಡಿಯ ಮುಂದೆ ಹೆಚ್ಚು ಜನ ನಿಂತಿರುತ್ತಾರೋ ಅಲ್ಲೇ ನನಗೂ ಹಸಿವಾಗುತ್ತದೆ. ಗುಂಪನ್ನು ನಂಬಿ ಕೆಟ್ಟ ರಾಜರ ಕಥೆಗಳನ್ನು ಕಾಲೇಜಿನಲ್ಲಿ ಆಯುಷ್ಯವಿಡೀ ಹೇಳಿದ ನಾನು, ನಿವೃತ್ತನಾದ ಮೇಲೆ ಶೇರುಪೇಟೆಯ ಆಪ್ಶನ್ ವ್ಯವಹಾರಕ್ಕೆ ಇಳಿದದ್ದೂ ಹೀಗೆಯೇ.

ದಾರಿ ತೋರಿಸಿದವರು ಲಕ್ಷ್ಮೇಶ್ವರದ ಶೇಂಗಾ ವ್ಯಾಪಾರಿ, ನನ್ನ ಹಳೆಯ ಗೆಳೆಯ ದಾದಾಪೀರ ಸಾಹೇಬರು. ಕಾಲ್ ಆಪ್ಶನ್ ಅಂದರೇನು ಎಂದು ಕೇಳಿದ್ದಕ್ಕೆ ಪಕ್ಕದ ಚೀಲದ ಮೇಲೆ ಕೈಯಿಟ್ಟು ಹೇಳಿದರು: "ತಿಂಗಳ ಕಡೀಗೆ ಈ ಮಾಲು ಇಂಥಾ ರೇಟಿಗೆ ಕೊಡ್ತೇನಿ ಅಂತ ನಾ ಮಾತು ಕೊಟ್ಟೆ. ನೀವು ಒಂದೀಟು ರೊಕ್ಕಾ ಕೊಟ್ಟು ಆ ಮಾತು ಕೊಂಡ್ರಿ. ರೇಟು ಏರಿದ್ರ ಬಂದು ಮಾಲು ಒಯ್ತೀರಿ. ಏರಲಿಲ್ಲಂದ್ರ ನೀವು ಬರೂದಿಲ್ಲ, ಆ ರೊಕ್ಕಾ ನಂದು."

"ಮತ್ತ ಓಪನ್ ಇಂಟರೆಸ್ಟ್ ಅಂದ್ರ?"

"ಇಂಥಾ ಮಾತು ಇನ್ನೂ ಎಷ್ಟು ತೀರದ ಉಳದಾವು ಅನ್ನೋ ಲೆಕ್ಕರಿ, ಸರ."

ನನಗೆ ಅಷ್ಟು ಸಾಕಾಯಿತು. ಮನೆಗೆ ಬಂದು ಮೊಬೈಲಿನಲ್ಲಿ ಒಂದು ಸಿಮೆಂಟ್ ಕಂಪನಿಯ ಕಾಲ್‌ಗಳನ್ನು ನೋಡಿದೆ. ಶೇರಿನ ಅಂದಿನ ದರಕ್ಕಿಂತ ತುಸು ಮೇಲಿನ ಒಂದು ಮಟ್ಟದಲ್ಲಿ ಓಪನ್ ಇಂಟರೆಸ್ಟ್ ಬಣವಿಯಂತೆ ಎದ್ದು ನಿಂತಿತ್ತು. ಇಷ್ಟೊಂದು ಮಂದಿ ಏರುತ್ತದೆ ಅನ್ನುವಾಗ ನಾನೊಬ್ಬ ಯಾಕೆ ಹಿಂದುಳಿಯಲಿ ಎಂದು ಅದೇ ಮಟ್ಟದ ಒಂದು ಕಾಲ್ ಕೊಂಡೆ. ಹೆಂಡತಿ ಶಕುಂತಲಾಗೆ ಹೇಳಲಿಲ್ಲ. ಗೆದ್ದ ಮೇಲೆ ಹೇಳಿದರೆ ಅದಕ್ಕೊಂದು ಕಳೆಯಿರುತ್ತದೆ ಎಂದುಕೊಂಡೆ.

ಹಿಂದೆ ಕೋಟೆಯ ಕಾವಲುಗಾರ ರಾತ್ರಿ ಬಯಲಿನಲ್ಲಿ ಉರಿಯುವ ಒಲೆಗಳನ್ನು ಎಣಿಸಿ ದಂಡು ಎಷ್ಟು ದೊಡ್ಡದೆಂದು ಅಂದಾಜು ಮಾಡುತ್ತಿದ್ದ. ಒಲೆಗಳ ಲೆಕ್ಕವೇನೋ ಸಿಗುತ್ತಿತ್ತು. ಬಂದವರು ನೆರವಿಗೋ ಮುತ್ತಿಗೆಗೋ ಎಂಬುದನ್ನು ಒಲೆ ಹೇಳುತ್ತಿರಲಿಲ್ಲ. ಇದನ್ನು ನಾನೇ ಪಾಠ ಮಾಡಿದ್ದೆ. ಆದರೆ ಮಾಸ್ತರನಿಗೆ ತನ್ನ ಪಾಠ ಹತ್ತುವುದು ಕಡಿಮೆ.

ತಿಂಗಳು ಮುಗಿಯಲು ಬಂದಾಗ ಶೇರು ಏರತೊಡಗಿತು. ಒಂದು ಮುಂಜಾನೆ ನಾನು ಮೊಬೈಲ್ ನೋಡಿ ಒಳಗೊಳಗೇ ನಗುತ್ತಿದ್ದೆ. ಎದುರಿಗೆ ಕೂತ ಶಕುಂತಲಾ ಕೂಡ ತನ್ನ ಮೊಬೈಲ್ ನೋಡುತ್ತಿದ್ದಳು. ಅವಳ ಚಹಾ ಕೆನೆಗಟ್ಟಿತ್ತು.

"ಯಾಕ, ಏನಾತು?"

"ಅಪ್ಪನ ಶೇರು ಹೊಂಟ್ವುರಿ," ಅಂದಳು.

ಕೊರ್ಲಹಳ್ಳಿಯ ನನ್ನ ಮಾವ ಒಕ್ಕಲುತನದ ನಡುವೆ ಯಾರದೋ ಮಾತು ಕೇಳಿ ಆ ಸಿಮೆಂಟ್ ಕಂಪನಿಯ ಶೇರು ಕೊಂಡಿದ್ದರು. ಮಾರಿಬಿಡಿ ಎಂದವರಿಗೆಲ್ಲ "ಇರ್ಲಿ ಬಿಡ್ರಿ, ಅವೇನು ಮೇವು ಕೇಳ್ತಾವನು" ಅನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಹೊಲ ಗಂಡುಮಕ್ಕಳಿಗೆ ಹೋಯಿತು, ಶೇರು ಇವಳಿಗೆ ಬಂತು. ಇವಳು ಭೂಗೋಳದ ಟೀಚರಾಗಿದ್ದವಳು. ನನಗಿಂತ ಮೊದಲೇ ದಾದಾಪೀರ ಸಾಹೇಬರ ಹತ್ತಿರ ವಿದ್ಯೆ ಕಲಿತು, ನನಗೂ ಹೇಳದೆ ಆ ಶೇರುಗಳ ಮೇಲೆ ಒಂದು ಕಾಲ್ ಮಾರಿದ್ದಳು. ನಾನು ಕೊಂಡದ್ದೂ ಅದೇ ಮಟ್ಟದ್ದು. ತಿಂಗಳು ಮುಗಿಯುವಾಗ ದರ ಆ ಮಟ್ಟದ ಮೇಲಿದ್ದರೆ ಇವಳು ಶೇರು ಕೊಟ್ಟುಬಿಡಬೇಕು.

"ಮಾರಾಕ ಮನಸಿತ್ತನು ನಿನಗ?"

"ರೇಟು ಅಲ್ಲೀತನಕಾ ಬರೂದಿಲ್ಲ ಅನ್ನೋತನಕ ಇತ್ತು. ಅಷ್ಟು ಮಂದಿ ಮಾರ್ಯಾರಂದ್ರ ದಾಟೂದಿಲ್ಲ ಅಂತ ತಿಳಕೊಂಡಿದ್ದೆ."

ನಾನು ನನ್ನ ಖರೀದಿಯ ಸುದ್ದಿ ಹೇಳಿ, ಅಲ್ಲಿದ್ದವರೆಲ್ಲ ನನ್ನ ಕಡೆಯವರೆಂದು ತಿಳಿದಿದ್ದೆ ಎಂದೆ. ಅವಳು ನನ್ನನ್ನೇ ನೋಡಿ ಮೆಲ್ಲಗೆ ಹೇಳಿದಳು: "ನಿಮ್ಮ ಕಡೆ ಎಷ್ಟು ಮಾತು ಅದಾವೋ ನನ್ನ ಕಡೆನೂ ಅಷ್ಟ ಅದಾವ್ರಿ. ಕೊಡಾವ್ರು ಇಲ್ಲದ ತಗೊಳ್ಳಾವ್ರು ಎಲ್ಲಿಂದ ಬರಬೇಕು?"

ಕೋರ್ಟಿನಲ್ಲಾದರೆ ಎದುರು ಪಾರ್ಟಿಯ ಮುಖ ಕಾಣುತ್ತದೆ. ಪೇಟೆಯಲ್ಲಿ ಕಾಣುವುದಿಲ್ಲ. ನನ್ನ ಕಾಲ್ ಮಾರಿದವನು ರಾಜಕೋಟದವನಿರಬಹುದು, ಇಲ್ಲೇ ಹತ್ತಿರದ ಶಿಗ್ಲಿಯವನಿರಬಹುದು, ನನಗೇ ಚಹಾ ಮಾಡಿಕೊಟ್ಟವಳೂ ಇರಬಹುದು. ನಾನು ಆ ದರ ಏರಲೆಂದು ದಿನಾ ಸ್ನಾನವಾದ ಮೇಲೆ ದೇವರ ಜಗಲಿಯ ಮುಂದೆ ಕೈಮುಗಿಯುತ್ತಿದ್ದೆ. ಅದೇ ಜಗಲಿಯ ಮುಂದೆ, ಅದೇ ದೇವರಿಗೆ, ಇವಳು ಏರದಿರಲೆಂದು ಕೈಮುಗಿಯುತ್ತಿದ್ದಳು. ದೇವರ ಫಜೀತಿ ನೆನೆದು ನನಗೆ ಮರುಕವಾಯಿತು.

"ನಿನ್ನ ಮಾತು ನೀ ವಾಪಸ್ ಕೊಂಡು ಬಿಡು. ನಂದು ನಾ ಮಾರ್ತೀನಿ," ಅಂದೆ.

"ಇನ್ನೂ ಏರಿದ್ರ ನಿಮಗ ಲುಕ್ಸಾನ ಅಲ್ಲೇನ್ರಿ?"

"ಏರಿದ್ರ ನಿಮ್ಮಪ್ಪನ ಶೇರಿಗೆ ಛಲೋ ಆತಲ್ಲ."

ಅವಳು ನಕ್ಕಳೋ, ಕಣ್ಣೊರೆಸಿಕೊಂಡಳೋ, ಸೆರಗು ಅಡ್ಡ ಬಂದು ಕಾಣಲಿಲ್ಲ. ಇಬ್ಬರೂ ಒಟ್ಟಿಗೆ ಕೂತು ಗುಂಡಿ ಒತ್ತಿದೆವು. ನನ್ನ ಲಾಭ ಅವಳ ನಷ್ಟಕ್ಕೆ ಸರಿಹೋಯಿತು. ದಲಾಲಿ ತೆಗೆದುಕೊಂಡವನು ಮಾತ್ರ ಇಬ್ಬರ ಕಡೆಯಿಂದಲೂ ಗೆದ್ದ.

ಸಂಜೆ ಮೊಬೈಲಿನಲ್ಲಿ ಕೋಟು ತೊಟ್ಟ ಪಂಡಿತನೊಬ್ಬ ಅದೇ ಮಟ್ಟಕ್ಕೆ ಕೋಲು ತೋರಿಸಿ ಗಂಭೀರವಾಗಿ ಹೇಳುತ್ತಿದ್ದ: "ಇಲ್ಲಿ ಓಪನ್ ಇಂಟರೆಸ್ಟ್ ಕರಗುತ್ತಿದೆ. ದೊಡ್ಡ ಆಟಗಾರರು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಿದ್ದಾರೆ. ಅವರಿಗೆ ಏನೋ ಗೊತ್ತಿದೆ."

ಆ ಹೊತ್ತಿಗೆ ದೊಡ್ಡ ಆಟಗಾರರಲ್ಲಿ ಒಬ್ಬರು ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಗುಡ್ಡೆ ಮಾಡುತ್ತಿದ್ದರು. ಇನ್ನೊಬ್ಬರು ಬುಟ್ಟಿ ಹಿಡಿದು ನಿಂತು ಸೀನುತ್ತಿದ್ದರು.