ಹನುಮಾನ್ ಘಾಟಿನ ಮನೆಯಲ್ಲಿ ಒಂಟೆಯ ಕಥೆ

ಮೊಮ್ಮಗಳಿಗೆ ಬೇಸಿಗೆ ರಜೆ. ರಜೆ ಅವಳಿಗೆ, ದುಡಿತ ನನಗೆ. ದಿನಾ ಮಧ್ಯಾಹ್ನ ಊಟವಾಗಿ ನಾನು ಅಡ್ಡಾಗುವುದನ್ನೇ ಕಾದಿದ್ದು, ಒಂದು ದಪ್ಪ ಪುಸ್ತಕ ತಂದು ನನ್ನ ಹೊಟ್ಟೆಯ ಮೇಲಿಟ್ಟು "ಓದಜ್ಜಿ" ಎನ್ನುತ್ತಾಳೆ. ಹಡಗು, ದಡ್ಡ ಕಳ್ಳರು, ಬೈಯುವ ಗಿಣಿ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಓದಿ ನಗಬೇಕಾದ ಪುಸ್ತಕವೆಂದು ರಟ್ಟಿನ ಮೇಲೇ ಅಚ್ಚಾಗಿದೆ. ಮಧ್ಯಾಹ್ನದ ಹೊತ್ತು ಮನೆಮಂದಿ ಎಂದರೆ ನಾನೊಬ್ಬಳೇ ಎಂಬುದು ಅಚ್ಚು ಹಾಕಿದವರಿಗೆ ಗೊತ್ತಿಲ್ಲ. ನಿನ್ನೆ ಎರಡನೆಯ ಪುಟಕ್ಕೇ ಗಂಟಲು ಕೈಕೊಟ್ಟಿತು. ಎದ್ದುಹೋಗಿ ಒಂದು ಚೂರು ಜ್ಯೇಷ್ಠಮಧು ಬಾಯಿಗೆ ಹಾಕಿಕೊಂಡೆ. ಬೇರಿನ ಆ ಮಣ್ಣುಮಣ್ಣು ಸಿಹಿ ನಾಲಿಗೆಗೆ ತಾಗಿದ್ದೇ ತಡ, ಅಪ್ಪ ಬಂದು ಪಕ್ಕದಲ್ಲಿ ಕೂತಂತಾಯಿತು.

ಕಾಶಿಯಲ್ಲಿ ಅದನ್ನು ಮುಲೇಠಿ ಎನ್ನುತ್ತಾರೆ. ಅಪ್ಪನ ದವಡೆಯಲ್ಲಿ ಅದರ ತುಂಡೊಂದು ಸದಾ ಇರುತ್ತಿತ್ತು. ಹನುಮಾನ್ ಘಾಟಿನ ಗಲ್ಲಿಯಲ್ಲಿ ನಮ್ಮ ಮನೆ. ಕನ್ನಡ ಸೀಮೆಯಿಂದ ಅಸ್ಥಿ ಹೊತ್ತು ಬರುವವರಿಗೆ ಕೆಳಗಿನ ಕೋಣೆಗಳಲ್ಲಿ ಇಳಿದುಕೊಳ್ಳಲು ಜಾಗ. ಅವರ ಪಿಂಡ, ತರ್ಪಣಗಳನ್ನು ಮಾಡಿಸುವುದು ಅಪ್ಪನ ವೃತ್ತಿ. ಎಪ್ಪತ್ತರ ದಶಕದ ಮಾತು. ಬೆಳಗಿನ ಜಾವ ಗಂಗೆಗಿಳಿದರೆ ಅಪ್ಪ ಮನೆ ಸೇರುವಾಗ ಬಿಸಿಲು ನೆತ್ತಿ ದಾಟಿರುತ್ತಿತ್ತು. ಮಂತ್ರ ಹೇಳಿ ಹೇಳಿ ದನಿ ಹರಿದ ಬಟ್ಟೆಯಂತಾಗಿರುತ್ತಿತ್ತು. ಊಟ ಮಾಡಿ ಚಾಪೆಯ ಮೇಲೆ ಬಿದ್ದವರು ಐದು ನಿಮಿಷಕ್ಕೆಲ್ಲ ಎದ್ದು ಕೂತು, "ಎಲ್ಲಿ, ಒಂಟೆ ತನ್ನಿ" ಎನ್ನುತ್ತಿದ್ದರು.

ಒಂಟೆ ಎಂದರೆ ಪುಸ್ತಕ. ಯಾರೋ ಯಾತ್ರಿಕರು ಬಿಟ್ಟುಹೋದದ್ದು. ಸೂತಕದವರ ವಸ್ತು ಎಂದು ಅಮ್ಮ ಅದಕ್ಕೆ ಗಂಗಾಜಲ ಚಿಮುಕಿಸಿ ಶುದ್ಧಿ ಮಾಡಿದ್ದರಿಂದ ಮೊದಲ ಪುಟಗಳು ಹಪ್ಪಳದಂತೆ ಉಬ್ಬಿದ್ದವು. ರಟ್ಟು ಇರಲಿಲ್ಲ, ಹಾಗಾಗಿ ಹೆಸರು ಇಂದಿಗೂ ಗೊತ್ತಿಲ್ಲ. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಒಂದು ಒಂಟೆಯನ್ನು ಹುಡುಕಿಕೊಂಡು ಜೋರುಬಾಯಿಯ ಸೋದರತ್ತೆ, ಇಬ್ಬರು ಮಕ್ಕಳು ಮತ್ತು ಬೆಕ್ಕು ಕಂಡರೆ ಹೆದರುವ ಒಬ್ಬ ಪೈಲ್ವಾನ ಊರೂರು ಅಲೆಯುವ ಕಥೆ. ನನಗೂ ತಮ್ಮನಿಗೂ ಕನ್ನಡ ಮಾತು ಅರ್ಧಂಬರ್ಧ, ಓದು ಅದಕ್ಕಿಂತ ಕಡೆ. ಅಪ್ಪ ನಡುನಡುವೆ ನಿಲ್ಲಿಸಿ "ಲಟ್ಟಣಿಗೆ ಅಂದ್ರೆ ಬೇಲನ್ ಕಣೋ" ಎಂದು ಬಿಡಿಸಿ ಹೇಳುತ್ತಿದ್ದರು. ತಮ್ಮ ತೊಡೆ ತಟ್ಟಿ "ಫಿರ್ ಕ್ಯಾ ಹುವಾ?" ಎನ್ನುತ್ತಿದ್ದ. "ಕನ್ನಡದಲ್ಲಿ ಕೇಳು, ಹೇಳ್ತಾರೆ" ಎಂದು ಅಮ್ಮ ಒಳಗಿಂದ ಗದರುತ್ತಿದ್ದಳು.

ನಮ್ಮ ನಗು ಕೆಳಗೆ ಇಳಿದುಕೊಂಡ ದುಃಖದವರ ಕಿವಿಗೆ ಬಿದ್ದೀತೆಂದು ಅಮ್ಮನಿಗೆ ಭಯ. ಕಾಶಿಯ ಹಳೆಯ ಮನೆಗಳನ್ನು ಕಂಡವರಿಗೆ ಗೊತ್ತು: ಕೆಳಗಿನ ಅಂಗಳಕ್ಕೆ ಬೆಳಕು ಬೀಳಲೆಂದು ಮಾಳಿಗೆಯ ನೆಲದಲ್ಲಿ ಕಬ್ಬಿಣದ ಜಾಲರಿ ಹಾಕಿರುತ್ತಾರೆ. ಬೆಳಕಿನ ಜೊತೆಗೆ ಸದ್ದೂ ಇಳಿಯುತ್ತದೆ. ಅದಕ್ಕೇ ನಾವು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆವು. ಹೊಟ್ಟೆ ನೋಯುವಂತೆ ನಗುವುದು ಸುಲಭ; ಸದ್ದಿಲ್ಲದೆ ನಗುವುದಕ್ಕೆ ನಿಜಕ್ಕೂ ತಪಸ್ಸು ಬೇಕು. "ಒಂದು ಗಳಿಗೆ ಮಲಗಬಾರದೇ?" ಎಂದು ಅಮ್ಮ ಕೇಳಿದರೆ ಅಪ್ಪ, "ಬೆಳಗಿಂದ ಅಳೋರ ಮುಖ ನೋಡಿದೀನಿ ಕಣೇ. ಈ ಎರಡು ಮುಖ ನಗೋದನ್ನ ನೋಡಿ ಮಲಗ್ತೀನಿ" ಎನ್ನುತ್ತಿದ್ದರು.

ಒಂದು ದಿನ ಕಥೆಯಲ್ಲಿ ಒಂಟೆ ಇನ್ಸ್‌ಪೆಕ್ಟರರ ರುಮಾಲನ್ನು ಅಗಿದು ನುಂಗಿಬಿಟ್ಟಿತು. ತಮ್ಮನ ಬಾಯಿಂದ ಬಟ್ಟೆ ಹಾರಿಹೋಯಿತು. ಗಲ್ಲಿಗೇ ಕೇಳುವ ಹಾಗೆ ನಕ್ಕ. ಕೆಳಗೆ ಹರೆಯದ ಮಗನನ್ನು ಕಳೆದುಕೊಂಡ ಕುಟುಂಬವೊಂದು ಇಳಿದಿತ್ತು. ಸ್ವಲ್ಪ ಹೊತ್ತಿಗೆ ಆ ಮನೆಯ ಹಿರಿಯರು ಮೆಟ್ಟಿಲ ಬುಡದಲ್ಲಿ ನಿಂತು, "ನಾವು ಅಳೋಕೆ ಬಂದಿದೀವಿ ಭಟ್ಟರೇ. ನಗೋ ಮನೇಲಿ ನಮಗೆ ಜಾಗ ಬೇಡ" ಎಂದರು. ಅಪ್ಪ ಇಳಿದುಹೋಗಿ ಕೈಮುಗಿದರು. ಅವರು ಗಂಟುಮೂಟೆ ಕಟ್ಟಿಕೊಂಡು ಕೇದಾರ ಘಾಟಿನ ಕಡೆ ಹೊರಟೇಹೋದರು. ಅಪ್ಪ ಯಾರನ್ನೂ ಬೈಯಲಿಲ್ಲ. ಒಂಟೆಯನ್ನು ಅಟ್ಟಕ್ಕೆ ಹಾಕಿದರು. ಅಂದಿನಿಂದ ಮಧ್ಯಾಹ್ನಗಳು ಬರೀ ಬಿಸಿಗಾಳಿಯ ಮಧ್ಯಾಹ್ನಗಳಾದವು. ಅಪ್ಪ ಚಾಪೆಯ ಮೇಲೆ ಕಣ್ಣು ತೆರೆದುಕೊಂಡೇ ಮಲಗಿರುತ್ತಿದ್ದರು.

ಅದೇ ಬೇಸಿಗೆಯಲ್ಲಿ ಗದಗಿನಜ್ಜ ಬಂದದ್ದು. ಗದಗಿನ ಕಡೆ ಎಣ್ಣೆಯ ಗಾಣ ಇಟ್ಟುಕೊಂಡಿದ್ದವರು. ಹೆಂಡತಿಯ ಅಸ್ಥಿಯ ಕುಡಿಕೆಯನ್ನು ಎದೆಗವಚಿಕೊಂಡು ಒಬ್ಬರೇ ಅಷ್ಟು ದೂರ ರೈಲಿನಲ್ಲಿ ಬಂದಿದ್ದರು. ಅಮ್ಮ ಕಳಿಸಿದ ಅನ್ನ ಹೋದ ಹಾಗೇ ಹಿಂದಿರುಗಿತು. ಮರುದಿನ ಅಮ್ಮ ತಾನೇ ಮಜ್ಜಿಗೆ ಒಯ್ದಳು. ಅವಳ ಸೆರಗು ಹಿಡಿದು ನಾನೂ ಹೋದೆ. ಅಜ್ಜ ನನ್ನನ್ನು ನೋಡಿ ಅಮ್ಮನಿಗೆ, "ತಂಗೀ, ಮನ್ಯಾಗ ಮಕ್ಕಳದಾವೇನು?" ಎಂದರು.

"ಇಬ್ಬರಿದಾರೆ."

"ಮತ್ತ ಇಷ್ಟ್ ಸುಮ್ಮನ ಐತಲ್ಲವಾ ಮನಿ! ನಮ್ಮ ಮನಿ ಈಗ ಹಿಂಗ ಆಗೇತಿ. ಗ್ವಾಡಿ ನೋಡ್ಕೋತ ಕುಂದ್ರಬೇಕು. ಅದಕ್ಕಂಜಿ ಇಲ್ಲಿ ಬಂದ್ರ, ಇಲ್ಲೂ ಹಂಗ ಐತಿ."

ಅಮ್ಮ ಮಜ್ಜಿಗೆ ಅಲ್ಲೇ ಇಟ್ಟು ಮೇಲೆ ಬಂದಳು. ಸೀದಾ ಅಟ್ಟಕ್ಕೆ ಏಣಿ ಹಾಕಿ, ಪುಸ್ತಕ ಇಳಿಸಿ, ಧೂಳು ಕೊಡವಿ ಅಪ್ಪನ ಮುಂದಿಟ್ಟಳು. "ಓದಿ."

"ಮತ್ತೆ ಯಾರಾದ್ರೂ..."

"ನಾನು ಹೇಳ್ತಿದೀನಲ್ಲ, ಓದಿ. ಜಾಲರಿ ಹತ್ತಿರ ಕೂತು ಓದಿ."

ಅಪ್ಪ ಅಳುಕುತ್ತಲೇ ಶುರುಮಾಡಿದರು. ಒಂದು ಪುಟ, ಎರಡು ಪುಟ. ಕೆಳಗೆ ಕೆಮ್ಮಿದ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ. ತಮ್ಮ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡ. ಅಜ್ಜ ಬಾಗಿಲಲ್ಲಿ ಗೋಡೆ ಹಿಡಿದು ನಿಂತು, ಏದುಸಿರು ಬಿಡುತ್ತ, "ಆ ಪೈಲ್ವಾನಗ ಬೆಕ್ಕಿನ ಅಂಜಿಕಿ ಯಾಕ್ರೀ?" ಎಂದರು.

ಆ ಮಧ್ಯಾಹ್ನ ಅಜ್ಜ ನಕ್ಕರು. ಸದ್ದೇ ಇಲ್ಲದ, ಭುಜ ಮಾತ್ರ ಕುಣಿಯುವ ನಗು. ನಗುತ್ತಲೇ ಕಣ್ಣು ತುಂಬಿತು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅಪ್ಪ ಪುಸ್ತಕ ಮುಚ್ಚಹೋದರೆ, "ನೀವ್ ಓದ್ರಿ, ನಾ ಅಳಕೋತ ಕೇಳ್ತೀನಿ" ಎಂದರು. ಅಂದು ರಾತ್ರಿ ಅನ್ನದ ತಟ್ಟೆ ಖಾಲಿಯಾಗಿ ಬಂತು.

ಕರ್ಮಗಳೆಲ್ಲ ಮುಗಿದು ಅವರು ಹೊರಟ ದಿನ ಕಥೆಯಲ್ಲಿ ಒಂಟೆ ಇನ್ನೂ ಸಿಕ್ಕಿರಲಿಲ್ಲ. ರಿಕ್ಷಾ ಹತ್ತುವ ಮುಂಚೆ ಅಜ್ಜ ಅಪ್ಪನ ಕೈ ಹಿಡಿದು, "ವರ್ಷಾಂತಿಕಕ್ಕ ಮತ್ತ ಬರ್ತೀನ್ರಿ ಭಟ್ಟರ. ಅಲ್ಲೀತನಕಾ ಪುಸ್ತಕ ಮುಗಸಬ್ಯಾಡ್ರಿ" ಎಂದರು. ಅಪ್ಪ ಆಗಲಿ ಎಂದುಬಿಟ್ಟರು! ಒಂದು ವರ್ಷ! ಬೇರೆ ಕಥೆಗಳು ಬಂದವು, ಹೋದವು. ಒಂಟೆಯ ಪುಸ್ತಕವನ್ನು ಮಾತ್ರ ಅಪ್ಪ ದೇವರ ಗೂಡಿನಲ್ಲಿಟ್ಟರು. ನಾವು ನಿತ್ಯ ಅದಕ್ಕೇ ನಮಸ್ಕಾರ ಮಾಡುತ್ತಿದ್ದೆವು ಎನ್ನಿ.

ಅಜ್ಜ ಬಂದರು. ಇನ್ನಷ್ಟು ಇಳಿದುಹೋಗಿದ್ದರು, ಆದರೂ ನಮಗೆಂದು ಒಂದು ಚೀಲ ಶೇಂಗಾ ಹೊತ್ತು ತಂದಿದ್ದರು. ಅದೇ ವಾರ ಗ್ರಹಣ. ಘಾಟುಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅಪ್ಪನ ದನಿ ಪೂರಾ ಕಟ್ಟಿಹೋಗಿತ್ತು. ಪುಸ್ತಕ ತೆರೆದು ಬಾಯಿ ಆಡಿಸಿದರು, ಗಾಳಿಯಷ್ಟೇ ಹೊರಬಂತು. ಅಜ್ಜ ಪುಸ್ತಕವನ್ನು ಮೆಲ್ಲಗೆ ಕಸಿದುಕೊಂಡು, "ಕೊಡ್ರಿಲ್ಲೆ. ನೀವ್ ಅಡ್ಡಾಗ್ರಿ" ಎಂದರು.

ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಸೋದರತ್ತೆಯ ಬಾಯಲ್ಲಿ ಗದಗಿನ ಬೈಗುಳ ಬಂತು. ನಾವು ಬಿದ್ದು ಬಿದ್ದು ನಕ್ಕೆವು, ಅಮ್ಮನೂ ನಕ್ಕಳು. ಬದುಕಿನಲ್ಲಿ ಮೊದಲ ಸಲ ಅಪ್ಪನಿಗೆ ಬೇರೆಯವರು ಓದಿ ಹೇಳುತ್ತಿದ್ದರು. ಎರಡು ಪುಟ ಕೇಳಿದರೋ ಇಲ್ಲವೋ, ನಗುಮುಖದಲ್ಲೇ ನಿದ್ದೆ ಹೋದರು. ತಮ್ಮ ಎಬ್ಬಿಸಲು ಹೋದಾಗ ಅಜ್ಜ ಕೈ ಅಡ್ಡ ಹಿಡಿದು ದನಿ ತಗ್ಗಿಸಿದರು, ಓದು ನಿಲ್ಲಿಸಲಿಲ್ಲ. ಅವರು ಓದಿ ಮುಗಿಸಿದಾಗ ಸಂಜೆಯಾಗಿತ್ತು. ಒಂಟೆ ಎಲ್ಲಿ ಸಿಕ್ಕಿತೆಂದು ಅಪ್ಪ ಆಮೇಲೂ ಯಾರನ್ನೂ ಕೇಳಲಿಲ್ಲ.

ಅಪ್ಪನ ಆಯಾಸವನ್ನು ಓದು ಕಳೆಯುತ್ತಿತ್ತು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಆಗಿನ ಅಪ್ಪನಿಗಿಂತ ಈಗ ನನಗೇ ಹೆಚ್ಚು ವಯಸ್ಸು. ಅದು ಅವರ ದಿನದ ಕೊನೆಯ ಕೆಲಸವಾಗಿತ್ತು, ಎಲ್ಲಕ್ಕಿಂತ ದಣಿದ ಹೊತ್ತಿನಲ್ಲಿ ಮಾಡಿದ ಕೆಲಸ ಎಂದು ಈಗೀಗ ತಿಳಿಯುತ್ತಿದೆ.

ಇವತ್ತು ಮಧ್ಯಾಹ್ನ ಪುಸ್ತಕ ಮತ್ತೆ ಹೊಟ್ಟೆಯ ಮೇಲೆ ಬಂದು ಬಿತ್ತು. "ಇವತ್ತು ನೀನೇ ಓದೇ" ಎಂದೆ. ಮೊಮ್ಮಗಳು ಮುಖ ಊದಿಸಿದಳು. ಕಾಗುಣಿತದಲ್ಲಿ ಎಡವುತ್ತ, ಒತ್ತಕ್ಷರಗಳನ್ನು ನುಂಗುತ್ತ ಶುರುಮಾಡಿದಳು. ನಾನು ಗೋಡೆಯ ಕಡೆ ಮಗ್ಗುಲಾದೆ. ಸ್ವಲ್ಪ ಹೊತ್ತಿಗೆ, "ಅಜ್ಜೀ, ನಿದ್ದೆ ಮಾಡ್ಬಿಟ್ಯಾ?" ಎಂದಳು. ನಾನು ಕಣ್ಣು ಮುಚ್ಚಿಕೊಂಡೆ. ಅವಳು ದನಿ ತಗ್ಗಿಸಿ, ಮುಂದಕ್ಕೆ ಓದಿದಳು.