ಒಂದೇ ಕೈಬರಹದ ಎರಡು ಅರ್ಜಿ

ಹೋದ ತಿಂಗಳು ಪಾಂಡವಪುರದಲ್ಲಿ ಕೆ.ಆರ್. ಪೇಟೆ ಬಸ್ಸು ಹತ್ತಿದಾಗ ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಯಾರೋ ಸೇವಂತಿಗೆ ಹೂವಿನ ಮಂಕರಿ ಇಟ್ಟಿದ್ದರು. ಹಳೆಯ ಬಸ್ಸು. ಎಂಜಿನ್ ಕಾವಿಗೆ ಹೂವು ಬಾಡತೊಡಗಿ, ಡೀಸೆಲ್ ವಾಸನೆಯ ಜೊತೆ ಬೆರೆತು, ಒಂದು ಥರದ ಕಹಿ ಘಮ ಬಸ್ಸಿನ ತುಂಬ ಹರಡಿತ್ತು. ನನಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೂತೆ. ಎರಡು ಸ್ಟಾಪು ದಾಟುವುದರೊಳಗೆ ಕೂರಲಾಗದೆ ಎದ್ದು ನಿಂತೆ. ಕಂಡಕ್ಟರು, "ಯಾಕ್ ಮೇಡಂ, ಸೀಟೈತಲ್ಲ, ಕೂತ್ಕಳಿ" ಅಂದರು. ನಾನು ಕಂಬಿ ಹಿಡಿದುಕೊಂಡೆ.

ಆ ವಾಸನೆಯೊಂದಿಗೆ ನೆನಪಾಗುವವರು ಒಬ್ಬ ಡಿಪೋ ಮ್ಯಾನೇಜರು. ನಮ್ಮೂರಿಗೆ ಮೊದಲ ಬಸ್ಸು ತಂದವರು. ಊರಿನವರೆಲ್ಲ ಅವರನ್ನು ಡಿಪೋ ಸಾಹೇಬರು ಎನ್ನುತ್ತಿದ್ದರು. ಅವರಿಗೆ ನಾನು ಮಾಡಿದ್ದನ್ನು ಇಷ್ಟು ವರ್ಷ ಗಂಡನಿಗೂ ಹೇಳಿಲ್ಲ.

ನಮ್ಮೂರು ಶೀಳನೆರೆಯಿಂದ ಒಳಕ್ಕೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಗೆ ಎತ್ತಿನ ಗಾಡಿ ಮತ್ತು ಟ್ರಾಕ್ಟರು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ನಾನು ಕೆ.ಆರ್. ಪೇಟೆಯಲ್ಲಿ ಪಿಯುಸಿಗೆ ಸೇರಿದ್ದೆ. ಬಸ್ಸು ಹಿಡಿಯಲು ದಿನಾ ಮೂರು ಮೈಲಿ ನಡೆದು ಮುಖ್ಯರಸ್ತೆಗೆ ಬರಬೇಕಿತ್ತು. ನನ್ನ ಅಕ್ಷರ ದುಂಡಗಿದ್ದವು. ಹಾಗಾಗಿ ಊರಿಗೆ ಬಸ್ಸು ಬೇಕೆಂಬ ಅರ್ಜಿಯನ್ನು ನನ್ನ ಕೈಯಲ್ಲೇ ಬರೆಸಿ, ಅಪ್ಪ ನನ್ನನ್ನೂ ಕರೆದುಕೊಂಡು ಡಿಪೋಗೆ ಹೋದರು. ಅಪ್ಪ ಊರಿನ ಯಜಮಾನರು. ನ್ಯಾಯ, ಪಂಚಾಯ್ತಿ ಎಲ್ಲವೂ ನಮ್ಮ ಜಗಲಿಯ ಮೇಲೇ ನಡೆಯುತ್ತಿದ್ದವು.

ಸಾಹೇಬರು ಅರ್ಜಿಯನ್ನು ನಿಂತುಕೊಂಡೇ ಓದಿದರು. ಸಣಕಲು ಮೈ, ತೋಳು ಮಡಿಸಿದ ಬಿಳಿ ಅಂಗಿ. ಓದಿ ಮುಗಿಸಿ ಅಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನೀನೇ ಬರ್ದಿದ್ದೇನವ್ವ? ಅಕ್ಷರ ಚೆನ್ನಾಗವೆ. ಎಷ್ಟು ಜನ ನಡ್ಕಂಡು ಬತ್ತೀರಿ?"

"ನಾವು ಐದು ಜನ ಹೆಣ್ಮಕ್ಳು ಸಾರ್."

"ಈ ಅರ್ಜೀಲಿ ಬರೀದೆ ಇರೋರು ಎಷ್ಟು ಜನ?"

ಆ ಪ್ರಶ್ನೆ ನನಗೆ ಆಗ ಅರ್ಥವಾಗಲಿಲ್ಲ. ನಾಲ್ಕೈದು ದಿನವಾದ ಮೇಲೆ ಮುಖ್ಯರಸ್ತೆಯ ತಿರುವಿನಲ್ಲಿ ಬೆಳಬೆಳಗ್ಗೆಯೇ ಅವರು ಕೊಡೆ ಹಿಡಿದು ನಿಂತಿದ್ದನ್ನು ಕಂಡಾಗ ಅರ್ಥವಾಯಿತು. ನಮ್ಮೂರ ಕಡೆಯಿಂದ ಯಾರು ಯಾರು ನಡೆದು ಬರುತ್ತಾರೆ, ತಲೆಯ ಮೇಲೆ ಏನು ಹೊತ್ತಿದ್ದಾರೆ ಎಂದು ಒಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು.

ಅದೇ ವಾರ ಊರಿಗೆ ಬಂದರು. ರಸ್ತೆಯುದ್ದಕ್ಕೂ ನಡೆದೇ ಬಂದರು. ಮೋರಿಗಳ ಮೇಲೆ ನಿಂತು ನೋಡಿದರು, ಬಸ್ಸಿನ ನೆತ್ತಿಗೆ ತಗಲುವ ಹುಣಸೆ ಕೊಂಬೆಗಳನ್ನು ತೋರಿಸಿ ಕಡಿಸಲು ಹೇಳಿದರು. ಅರಳಿಕಟ್ಟೆಯ ಹತ್ತಿರ ನಿಲ್ಲುತ್ತಾರೆ ಅಂದುಕೊಂಡರೆ, ಇನ್ನೂ ಮುಂದಕ್ಕೆ, ಅರ್ಧ ಮೈಲಿ ಆಚೆಗಿನ ಕಾಲೋನಿಯವರೆಗೂ ಹೋಗಿಬಂದರು. ವಾಪಸು ಬಂದಾಗ ಬೆವರು ಸುರಿಯುತ್ತಿತ್ತು. ಅವ್ವ ಕಾಫಿಗೆ ಹಾಲು ಇಟ್ಟಿದ್ದಳು. ಅಪ್ಪ ಒಳಗೆ ಬಂದು, "ಬ್ಯಾಡ, ಎಳನೀರು ಕೆತ್ಸಿ ಕೊಡಿ" ಅಂದರು. ಸಾಹೇಬರು ಯಾವ ಪೈಕಿಯವರು ಎಂದು ಅಪ್ಪ ಅಷ್ಟರಲ್ಲೇ ವಿಚಾರಿಸಿಕೊಂಡಿದ್ದರು. ಎಳನೀರಿಗಾದರೆ ಮನೆಯ ಲೋಟ ಬೇಕಿಲ್ಲ. ಅವರು ಅಂಗಳದಲ್ಲಿ ನಿಂತು ಕುಡಿದು, ಬುರುಡೆಯನ್ನು ತಾವೇ ತಿಪ್ಪೆಗೆ ಎಸೆದು ಬಂದು, ನನ್ನ ಅವ್ವನಿಗೆ ಕೈಮುಗಿದು ಹೋದರು. ಅವರಿಗೆ ಗೊತ್ತಾಗಿತ್ತು. ಅವರಿಗೆ ಗೊತ್ತಾಯಿತು ಎಂಬುದು ನನಗೂ ಗೊತ್ತಾಗಿತ್ತು...

ಬಸ್ಸು ಬಂತು. ಅರಳಿಕಟ್ಟೆಯ ಹತ್ತಿರ ತಿರುಗಿಸಲು ಜಾಗವಿರಲಿಲ್ಲ. ಕಾಲೋನಿಯ ಮುಂದೆ ದೊಡ್ಡ ಬಯಲು. ಹಾಗಾಗಿ ಬಸ್ಸು ಅಲ್ಲಿಯವರೆಗೆ ಹೋಗಿ, ತಿರುಗಿ, ಅಲ್ಲಿಂದಲೇ ಹೊರಡಬೇಕು ಎಂದು ಸಾಹೇಬರು ತೀರ್ಮಾನಿಸಿದ್ದರು. ಮೊದಲ ವಾರ ಅವರೂ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನವೂ ಕೂರಲಿಲ್ಲ. ಮುದುಕಿಯರ ಗಂಟು ಮೂಟೆಗಳನ್ನು ತಾವೇ ಇಸಿದುಕೊಂಡು ಒಳಗಿಡುತ್ತಿದ್ದರು. ಕಾಲೋನಿಯ ಹೆಂಗಸರು ಪೇಟೆಗೆ ಸೇವಂತಿಗೆ ಒಯ್ಯುತ್ತಿದ್ದರು. ಅವರ ಮಂಕರಿಗಳು ಎಂಜಿನ್ ಮುಚ್ಚಳದ ಮೇಲೆ ಕೂರುತ್ತಿದ್ದವು. ಅದರ ಹಿಂದಿನ ಸೀಟಿನಲ್ಲಿ ಹೂವಿನವಳ ಮಗಳು. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವಳು. ಎಸ್ಸೆಸ್ಸೆಲ್ಸಿ ಪಾಸಾಗಿಯೂ ಮನೆಯಲ್ಲೇ ಉಳಿದಿದ್ದಳು. ಬಸ್ಸು ಬಂದ ಮೇಲೆ, ಆ ವರ್ಷ, ಅವಳೂ ಕಾಲೇಜಿಗೆ ಸೇರಿದಳು.

ಬಸ್ಸು ಅರಳಿಕಟ್ಟೆಗೆ ಬರುವ ಹೊತ್ತಿಗೆ ಸೀಟುಗಳು ತುಂಬಿರುತ್ತಿದ್ದವು. ನಾನು ಕಂಬಿ ಹಿಡಿದು ನಿಂತು ಹೋಗುತ್ತಿದ್ದೆ. ಅವಳು ಒಂದೆರಡು ಸಲ ಸರಿದು, "ಬಾರೇ, ಕೂತ್ಕ" ಅಂದಳು. ನಾನು ಕಿಟಕಿಯಾಚೆ ನೋಡಿದೆ. ಇದೆಲ್ಲ ಅಪ್ಪನ ಕೆಲಸ, ನಾನು ಬರೀ ಬರೆದವಳು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಅವಳು ಕೂತಿದ್ದು, ನಾನು ನಿಂತಿದ್ದು ನನ್ನನ್ನೂ ಚುಚ್ಚಿತ್ತು.

ಕೆಲವೇ ತಿಂಗಳಲ್ಲಿ ಜಗಲಿಯ ಮೇಲೆ ಮಾತು ಶುರುವಾಯಿತು. "ಅವ್ರು ಕೂತ್ಕಂಡ್ ಬರಾದು, ನಮ್ ಮಕ್ಳು ನಿಂತ್ಕಂಡ್ ಓಗಾದಾ? ಬಸ್ಸು ಕಟ್ಟೆತಾವೇ ತಿರುಗ್ಲಿ" ಎಂದು ಒಬ್ಬರಾದ ಮೇಲೊಬ್ಬರು ಅಂದರು. ಅಪ್ಪ ನಾಲ್ಕು ಜನರೊಂದಿಗೆ ಡಿಪೋಗೆ ಹೋಗಿಬಂದರು. ಸಾಹೇಬರು ಹೇಳಿದ್ದನ್ನು ಅವ್ವನ ಮುಂದೆ ಹಲ್ಲು ಕಚ್ಚಿಕೊಂಡು ಹೇಳಿದರು: "'ಯಜಮಾನ್ರೇ, ಬಸ್ಸು ಎಲ್ಲಿ ತಿರುಗ್ತದೋ ಅಲ್ಲಿಂದ್ಲೇ ಒಂಡದು. ಮೊದ್ಲು ಅತ್ತಿದೋರು ಕೂತ್ಕತಾರೆ. ಸೀಟಿನ್ ಮ್ಯಾಲೆ ಎಸ್ರು ಬರೆಯಾಕೆ ನನ್ ಕೈಲಾಗಲ್ಲ' ಅಂತಾನೆ. ನನ್ಗೆ ಯೇಳ್ತಾನೆ ಅವ್ನು."

ಮಾರನೆಯ ದಿನ ಮಧ್ಯಾಹ್ನ ಅಪ್ಪ ಹಾಳೆ ತಂದು ನನ್ನ ಮುಂದಿಟ್ಟರು. "ಬರಿಯವ್ವ."

ಅವರು ಹೇಳಿದರು, ನಾನು ಬರೆದೆ. ಡಿಪೋ ಮ್ಯಾನೇಜರು ನಮ್ಮ ಗ್ರಾಮಕ್ಕೆ ಬಂದಾಗ ಪಾನಮತ್ತರಾಗಿದ್ದರು, ಹಿರಿಯರನ್ನು ಅವಾಚ್ಯವಾಗಿ ಬೈದರು ಎಂದು. ಆ ದಿನ ಅವರು ಕುಡಿದಿದ್ದು ನಮ್ಮ ಅಂಗಳದಲ್ಲಿ ಒಂದು ಎಳನೀರು. ಅದು ನನಗೆ ಗೊತ್ತಿತ್ತು. ಆದರೂ ಪೆನ್ನು ನಿಲ್ಲಲಿಲ್ಲ. ಕೊನೆಗೆ ಅಪ್ಪ ಸುಮ್ಮನಾದರು. ಅರ್ಜಿ ಯಾಕೋ ಅರ್ಧಕ್ಕೆ ನಿಂತಂತೆ ಕಂಡಿತು. ನಾನೇ ಒಂದು ವಾಕ್ಯ ಸೇರಿಸಿದೆ: ಇಂಥ ಅಧಿಕಾರಿಯ ಎದುರು ನಿಲ್ಲಲು ವಿದ್ಯಾರ್ಥಿನಿಯರಾದ ನಮಗೆ ಭಯವಾಗುತ್ತದೆ. ಯಾರೂ ಹೇಳಿಕೊಡದ ವಾಕ್ಯ. ಓದಿ ತೋರಿಸಿದಾಗ ಅಪ್ಪ ತಲೆದೂಗಿದರು. "ಚೆನ್ನಾಗಿ ಬರ್ದೆ ಕಣವ್ವ" ಅಂದರು. ನನಗೆ ಖುಷಿಯಾಯಿತು. ಇವತ್ತಿಗೂ ಮೈ ಹಿಡಿಯಾಗುವುದು ಆ ಖುಷಿಯನ್ನು ನೆನೆದಾಗ.

ವಿಚಾರಣೆಗೆ ಮೇಲಿನ ಅಧಿಕಾರಿಯೊಬ್ಬರು ಬಂದರು. ನಮ್ಮೂರ ಸ್ಕೂಲಿನ ಕೋಣೆಯಲ್ಲಿ ಮೇಜು ಹಾಕಿದ್ದರು. ಕಾಲೋನಿಯವರನ್ನು ಯಾರೂ ಕರೆಯಲಿಲ್ಲ. ಅವರಲ್ಲಿ ಕೆಲವರು ತಾವಾಗಿಯೇ ಬಂದು ಕಾಂಪೌಂಡಿನ ಆಚೆ ನಿಂತಿದ್ದರು. ಸಾಹೇಬರು ಮೂಲೆಯ ಬೆಂಚಿನ ಮೇಲೆ ಕೂತಿದ್ದರು.

ಅಧಿಕಾರಿ ಅರ್ಜಿಯನ್ನು ನನ್ನ ಮುಂದೆ ಹಿಡಿದು ಕೇಳಿದರು. "ನೀನೇನಮ್ಮ ಬರೆದಿದ್ದು? ಇದರಲ್ಲಿರೋದು ನಿಜವಾ?"

ಬಾಗಿಲಲ್ಲಿ ಅಪ್ಪ ನಿಂತಿದ್ದರು. ನಾನು ತಲೆಯಾಡಿಸಿದೆ.

"ಬಾಯಿಬಿಟ್ಟು ಹೇಳಬೇಕು."

"ನಿಜ ಸಾರ್."

ಅಧಿಕಾರಿ ಅರ್ಜಿಯನ್ನು ಸಾಹೇಬರ ಕೈಗೆ ಕೊಟ್ಟು, ಹುಡುಗಿಯನ್ನು ಏನಾದರೂ ಕೇಳುವುದಿದೆಯೇ ಅಂದರು. ಅವರು ಹಾಳೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಅಂದರು, "ಈ ಅಕ್ಷರ ನನ್ಗೆ ಗೊತ್ತು ಸಾರ್. ಬಸ್ಸು ಬೇಕು ಅಂತ ಬಂದಿದ್ ಅರ್ಜೀಲೂ ಇದೇ ಅಕ್ಷರ. ಓದೋ ಮಗ. ನಾನೇನೂ ಕೇಳಲ್ಲ."

ಅವರು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ನಾನು ಅತ್ತುಬಿಡುತ್ತಿದ್ದೆ, ನಿಜ ಹೊರಬರುತ್ತಿತ್ತು ಎಂದು ಆಗಾಗ ಅನ್ನಿಸಿದೆ. ಹೀಗೆ ಅಂದುಕೊಳ್ಳುವುದರಲ್ಲೂ ತಪ್ಪನ್ನು ಅವರ ಮೇಲೆ ಹಾಕುವ ಹುನ್ನಾರವಿದೆ, ಅದೂ ಗೊತ್ತು.

ಅವರನ್ನು ಅಮಾನತು ಮಾಡಿದರು. ಕೆಲವು ತಿಂಗಳ ಮೇಲೆ ಬೇರೆ ಕಡೆ, ಕೆಳಗಿನ ಹುದ್ದೆಗೆ ಹಾಕಿದರಂತೆ. ಬಸ್ಸು ಅರಳಿಕಟ್ಟೆಯಲ್ಲೇ ತಿರುಗತೊಡಗಿತು. ತಿರುಗಿಸಲು ಆಗದೆ ದಿನಾ ಹಿಂದೆ ಮುಂದೆ ಮಾಡಿ ಮಾಡಿ, ಒಂದು ದಿನ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಡ್ರೈವರುಗಳು ನಮ್ಮೂರ ಹೆಸರೆತ್ತಿದರೆ ಬೇಡ ಅನ್ನತೊಡಗಿದರು. ಮಳೆಗಾಲದ ಹೊತ್ತಿಗೆ ಬಸ್ಸು ನಿಂತೇಹೋಯಿತು. ಅಪ್ಪ ನನ್ನನ್ನು ನಾಗಮಂಗಲದಲ್ಲಿ ಚಿಕ್ಕಮ್ಮನ ಮನೆಯಲ್ಲಿಟ್ಟು ಓದಿಸಿದರು. ಹೂವಿನವಳ ಮಗಳಿಗೆ ನಾಗಮಂಗಲದಲ್ಲಿ ಚಿಕ್ಕಮ್ಮ ಇರಲಿಲ್ಲ. ಅವಳು ಕಾಲೇಜು ಬಿಟ್ಟಳು. ಆಮೇಲೆ ಎಲ್ಲಿಗೆ ಹೋದಳೋ, ಏನಾದಳೋ... ನಾನು ವಿಚಾರಿಸಲೇ ಇಲ್ಲ.

ಸಾಹೇಬರನ್ನು ಇನ್ನೊಂದು ಸಲ ಕಂಡೆ. ಅದೇ ದಶಕದ ಕೊನೆಗೆ, ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ. ನನಗೆ ಹೊಸದಾಗಿ ಮದುವೆಯಾಗಿತ್ತು. ಗಂಡ, ಅತ್ತೆ ಜೊತೆಗಿದ್ದರು. ಕೂದಲು ಬೆಳ್ಳಗಾಗಿದ್ದ ಅವರು ಯಾರೋ ಮುದುಕನಿಗೆ ಅರಕೆರೆ ಬಸ್ಸು ತೋರಿಸಿ ಹತ್ತಿಸುತ್ತಿದ್ದರು. ನನ್ನನ್ನು ನೋಡಿ ತಾವಾಗಿಯೇ ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಚೆನ್ನಾಗಿದ್ದೀಯೇನವ್ವ? ಓದು ಮುಗೀತಾ? ಊರ್ಗೆ ಬಸ್ಸು ಬತ್ತಾ ಐತಾ?"

ಅತ್ತೆ ನನ್ನ ಮುಖ ನೋಡಿದರು. ನಾನು ಅಂದೆ, "ಯಾರು ನೀವು? ಗೊತ್ತಾಗ್ಲಿಲ್ಲ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಯಾರೋ ಅನ್ಕಂಡೆ. ತಪ್ಪು ತಿಳ್ಕಬ್ಯಾಡಿ ತಾಯಿ" ಅಂದು ಹೋದರು. ಅವರ ಬಾಯಲ್ಲಿ 'ನೀನು' ಆಗಿದ್ದ ನಾನು 'ನೀವು' ಆಗಿದ್ದೆ.

ನಾನು ಮೇಷ್ಟ್ರ ಕೆಲಸಕ್ಕೆ ಸೇರಿದ್ದು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿಗೆ ಬೆಳಗ್ಗೆ ಒಂದೇ ಬಸ್ಸು. ಅಕ್ಕಪಕ್ಕದ ನಾಲ್ಕು ಹಳ್ಳಿಗಳ ಮಕ್ಕಳು ಅದರಲ್ಲೇ ಬರುತ್ತಿದ್ದರು. ಅದನ್ನು ಶುರು ಮಾಡಿಸಿದ್ದು ಡಿಪೋ ಸಾಹೇಬರೇ ಎಂದು ಒಬ್ಬ ಹಳೆಯ ಡ್ರೈವರು ಹೇಳಿದಾಗ ನಾನು ಅದೇ ಬಸ್ಸಿನಲ್ಲಿದ್ದೆ. ಅವರು ಅರಕೆರೆ ಬಸ್ಸಿನಲ್ಲಿ ಕಂಡಕ್ಟರಾಗಿ ಶುರು ಮಾಡಿದವರಂತೆ. ಚಿಕ್ಕಂದಿನಲ್ಲಿ ಸ್ಕೂಲಿಗೆ ಮೈಲಿಗಟ್ಟಲೆ ನಡೆದವರಂತೆ. "ಬಸ್ಸು ಕೇಳ್ದೋರ್ ಊರ್ಗಿಂತ ಮೊದ್ಲು ನಡ್ಯೋರ್ ಊರ್ಗೆ ಓಗ್ಬೇಕು ಕಣ್ಲಾ ಅಂತಿದ್ರು. ಅಂಥ ಮನ್ಷನ್ನ ಯಾವುದೋ ಊರ್ನೋರು ಸುಳ್ ಅರ್ಜಿ ಕೊಟ್ಟು ಆಳು ಮಾಡ್ಬುಟ್ರು ಮೇಡಂ" ಅಂದ ಡ್ರೈವರು. ನಾನು ಹೌದಾ ಅಂದೆ.

ಹೋದ ತಿಂಗಳು, ಆ ಹೂವಿನ ವಾಸನೆಯ ಬಸ್ಸಿಳಿದ ಮೇಲೆ ಆ ಹಳೆಯ ಡ್ರೈವರನ್ನೇ ಹುಡುಕಿ ಸಾಹೇಬರ ವಿಳಾಸ ಕೇಳಿದೆ. ಕರಿಘಟ್ಟದ ಕೆಳಗಿನ ಒಂದು ಹಳ್ಳಿ. ಹೋದಾಗ ಅವರ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಸಾಹೇಬರು ತೀರಿಕೊಂಡು ಆರು ವರ್ಷವಾಗಿತ್ತು. ಆಕೆ ಒಳಗೆ ಕರೆದು, ತಾವು ಕುಡಿಯುವಂಥದೇ ಲೋಟದಲ್ಲಿ ಕಾಫಿ ಕೊಟ್ಟರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಎಲ್ಲವನ್ನೂ ಹೇಳಿದೆ. ನಾನೇ ಸೇರಿಸಿದ ವಾಕ್ಯವನ್ನೂ, ಬಸ್ ನಿಲ್ದಾಣದ್ದನ್ನೂ.

ಆಕೆ ಕೇಳಿಸಿಕೊಂಡರು. ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಕುಡ್ದಿದ್ರು ಅಂತ ಬರ್ದಿದ್ರಲ್ಲ, ಅದ್ನ ಅವ್ರ ತಾಯಿ ಸಾಯೋಗಂಟ ನೆನ್ಕಂಡ್ ಅತ್ತವ್ರೆ" ಅಂದರು. ಇನ್ನೊಂದು ಕಾಯಿ ಎತ್ತಿಕೊಂಡು ಮುಂದುವರಿಸಿದರು, "ನನ್ಗ್ಯಾಕೆ ಯೇಳ್ತೀಯವ್ವ? ನನ್ಗೆ ಗೊತ್ತಿರೋದೇ ಅಲ್ವಾ ಅವ್ರು ಎಂಥೋರು ಅಂತ. ನೀನು ಸುಳ್ಳೇಳಿದ್ದು ನಿಮ್ಮೂರ್ನಾಗೆ. ಅಲ್ಲೋಗಿ ಯೇಳು."

ಹೋಗುತ್ತೇನೆ ಎಂದು ಹೇಳಿ ಬಂದೆ. ಇನ್ನೂ ಹೇಳಿಲ್ಲ. ಅಪ್ಪ ಈಗಿಲ್ಲ. ತಮ್ಮ ಪಂಚಾಯ್ತಿ ಮೆಂಬರು. ಯುಗಾದಿಗೆ ಊರಿಗೆ ಹೋಗಿದ್ದಾಗ ಅವನ ಮುಂದೆ ಮಾತು ತೆಗೆಯಲು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಹೋಳಿಗೆ ಚೆನ್ನಾಗಿದೆ ಅಂದೆ. ಬದಲಿಗೆ ಇದನ್ನು ಬರೆಯುತ್ತಿದ್ದೇನೆ. ಬರೆಯುವುದು ನನಗೆ ಯಾವತ್ತೂ ಸುಲಭ.

ಸಾಹೇಬರ ಹೆಸರನ್ನು ಇಲ್ಲಿ ಬರೆದಿಲ್ಲ. ಅದನ್ನು ಬರೆಯುವ ಯೋಗ್ಯತೆ ನನಗಿಲ್ಲ, ಅದಕ್ಕೇ ಬಿಟ್ಟಿದ್ದೇನೆ ಎಂದು ಮೊದಲು ಅಂದುಕೊಂಡೆ. ಅದೂ ನಿಜವಲ್ಲ. ಅವರ ಹೆಸರು ಬರೆದರೆ ನಮ್ಮೂರಿನವರಿಗೆ ಇದು ಯಾವ ಊರು, ಬರೆದವಳು ಯಾರ ಮಗಳು ಎಂದು ತಿಳಿದುಹೋಗುತ್ತದೆ. ಅದಕ್ಕೆ ಬರೆದಿಲ್ಲ.